ಗಬ್ಬೂರಿನ ದಾರಿಯಲ್ಲಿ ಒಂದು ಹರವಿ ನೀರು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಹಾಗಾದ್ರೆ ಬನ್ನಿ, ಇವತ್ತು ರಾಯಚೂರಿನಿಂದ ದೇವದುರ್ಗದ ಕಡೆ ಹೋಗೋಣ. ದಾರಿಯಲ್ಲಿ ಗಬ್ಬೂರು ಸಿಗುತ್ತೆ. ಬಂಗಾರ ಬಸಪ್ಪ, ವೆಂಕಟೇಶ್ವರ, ಈಶ್ವರ, ಹನುಮಂತ ಅಂತ ಹಳೇ ಗುಡಿಗಳು, ಮಠಗಳು, ಶಾಸನಗಳಿರೋ ಊರು. ಒಂದು ಕಾಲಕ್ಕೆ ಇದು ವಿದ್ಯಾಕೇಂದ್ರ. ಓದೋಕೆ ಬಂದವರು ನಡೆದೇ ಬಂದಿರ್ತಾರೆ. ರಾಯಚೂರಿನ ಬಿಸಿಲಲ್ಲಿ! ಅವರಿಗೆ ಮೊದಲು ಬೇಕಾಗಿದ್ದು ಪಾಠವಲ್ಲ, ಒಂದು ಚರಿಗೆ ನೀರು.

ಹಾಗೆ ನೀರು ಕೊಡೋ ಜಾಗಕ್ಕೆ ಕನ್ನಡದಲ್ಲೊಂದು ಚೆಂದದ ಹೆಸರಿದೆ: ಅರವಟ್ಟಿಗೆ. ನಮ್ಮ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಈ ಪದವೂ ಬರುತ್ತೆ. ಅದಕ್ಕಾಗಿ ಭೂಮಿ ಬಿಟ್ಟವರೂ ಇದ್ದರು. ಎಲ್ಲರಿಗೂ ಕೆರೆ ಕಟ್ಟಿಸೋ ಶಕ್ತಿ ಇರಲ್ಲ ನೋಡಿ, ಆದ್ರೆ ಒಂದು ಹರವಿ ಇಡಬಹುದು. ಕೆಳಗೆ ಮರಳು ಹಾಸಿ, ಮೇಲೆ ಒದ್ದೆ ಗೋಣಿಚೀಲ ಸುತ್ತಿದ್ರೆ ಆಯ್ತು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗ್ತಾ ಒಳಗಿನ ಬಿಸಿಯನ್ನ ಎಳ್ಕೊಂಡು ಹೋಗುತ್ತೆ. ಕರೆಂಟೂ ಬೇಡ, ಫ್ರಿಜ್ಜೂ ಬೇಡ.

ಇಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು ಒಂದು ವಿಷಯ. ಹರವಿ ಹೊರಗೆ ಬರೋದು ಮಳೆಗಾಲದಲ್ಲಲ್ಲ, ಬಾವಿ ತಳ ಕಾಣೋ ತಿಂಗಳಲ್ಲಿ. ತಮ್ಮ ಮನೆಗೇ ನೀರು ಸಾಲದ ಹೊತ್ತಲ್ಲಿ, ಹೆಸರೂ ಗೊತ್ತಿಲ್ಲದವರಿಗಾಗಿ ಒಂದು ಕೊಡ ಹೆಚ್ಚು ಹೊತ್ತು ತರೋರು ಮುಂದಿನ ಮಳೆಯನ್ನ ನಂಬಿರಲೇಬೇಕು. ಆ ಕೊಡ ಹೊತ್ತವರು ಹೆಚ್ಚಾಗಿ ಹೆಣ್ಣುಮಕ್ಕಳು. ಭೂಮಿ ಕೊಟ್ಟವರ ಹೆಸರು ಕಲ್ಲಲ್ಲಿ ಉಳೀತು, ಇವರದ್ದು ಉಳೀಲಿಲ್ಲ.

ಇದೇ ಜಿಲ್ಲೆಯ ಮಸ್ಕಿಗೆ ಒಂದು ಸುತ್ತು ಹಾಕೋಣ. 1915ರಲ್ಲಿ ಚಿನ್ನ ಹುಡುಕ್ತಿದ್ದ ಬೀಡನ್ ಅನ್ನೋ ಇಂಜಿನಿಯರ್‌ಗೆ ಅಲ್ಲಿ ಒಂದು ಬಂಡೆಬರಹ ಸಿಕ್ಕಿತು. ‘ದೇವಾನಾಂಪ್ರಿಯ’ ಅಂತ ಕರೆಸಿಕೊಂಡ ರಾಜ ಅಶೋಕನೇ ಅನ್ನೋದು ಪಕ್ಕಾ ಆಗಿದ್ದು ಇದರಿಂದ, ಇದನ್ನ ನೀವು ಪರೀಕ್ಷೆಗೆ ಓದಿರ್ತೀರಿ. ಆದ್ರೆ ಅದರೊಳಗಿನ ಮಾತು ನಮಗೆ ಯಾರೂ ಹೇಳಿಕೊಡಲ್ಲ. ಒಳ್ಳೇ ನಡತೆಯ ಫಲ ದೊಡ್ಡವರಿಗೆ ಮಾತ್ರ ಅಂದ್ಕೋಬೇಡಿ, ಸಣ್ಣವರಿಗೂ ಸಿಗುತ್ತೆ, ಇದನ್ನ ಇಬ್ಬರಿಗೂ ತಿಳಿಸಿ ಅನ್ನೋದು ಅದರ ಸಾರ. ದಾರಿಬದಿಗೆ ಬಾವಿ ತೋಡಿಸಿದ್ದು, ಮರ ನೆಡಿಸಿದ್ದು ಅವನ ಬೇರೆ ಶಾಸನಗಳಲ್ಲಿ ಬರುತ್ತೆ. ಅದು ರಾಜನ ಕೆಲಸ. ಮಸ್ಕಿಯ ಮಾತು ಹರವಿ ಇಡೋರಿಗೆ.

ಅಂದ್ರೆ ಎಲ್ಲಾ ಚೆನ್ನಾಗಿತ್ತಾ? ಇಲ್ರೀ. ಅರವಟ್ಟಿಗೆಯಲ್ಲಿ ಉದ್ದ ಹಿಡಿಯ ಸೌಟು ಯಾಕಿರ್ತಿತ್ತು? ನೀರು ಕೆಡಬಾರದು ಅನ್ನೋದು ಒಂದು ಕಾರಣ. ಇನ್ನೊಂದು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತು: ಕೆಲವರ ಬೊಗಸೆಗೆ ದೂರ ನಿಂತೇ, ಮೇಲಿಂದ ಸುರೀತಿದ್ರು. ಕರುಣೆಗೂ ಅಳತೆ ಕಟ್ಟಿದ್ದ ಊರುಗಳವು. 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಗಿಳಿದು ಬೊಗಸೆ ನೀರು ಕುಡಿದಿದ್ದು ಇಂಥ ಅಳತೆಯ ವಿರುದ್ಧವೇ. ಅದೂ ಎಷ್ಟು ಸಣ್ಣ ಕೆಲಸ, ಅಲ್ವಾ? ಒಂದು ಗುಟುಕು ನೀರು ಕುಡಿಯೋದು.

ಈಗಲೂ ಮಾರ್ಚ್ ಬಂದ್ರೆ ನಮ್ಮ ಕಡೆ ಅಂಗಡಿಗಳ ಮುಂದೆ, ಬಸ್ ಸ್ಟ್ಯಾಂಡ್ ಹತ್ರ ಹರವಿ ಕಾಣುತ್ತೆ, ಲೋಟಕ್ಕೆ ಸರಪಳಿ ಕಟ್ಟಿರ್ತಾರೆ. ಯಾರು ತುಂಬಿಸ್ತಾರೆ ಅಂತ ಒಮ್ಮೆ ಬೆಳಿಗ್ಗೆ ಬೇಗ ಎದ್ದು ನೋಡಿ. ಮಾತಾಡಿಸಿ. ಅವರು ಒಪ್ಪಿದ್ರೆ ಒಂದು ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ, ಮುಂದಿನ ವಾರ ಕೇಳಿಸ್ತೀವಿ.