ಕುಗ್ಗುವ ಊರಿಗೂ ಒಂದು ನಕ್ಷೆ

ನಗರ ಯೋಜನೆ ಎಂದೊಡನೆ ನಮಗೆ ನೆನಪಾಗುವುದು ಹೊಸ ಬಡಾವಣೆ, ಅಗಲವಾಗುವ ರಸ್ತೆ, ಸಾಲದ ನೀರು. ಜನ ಬಿಟ್ಟುಹೋಗುವ ಊರಿಗೂ ಯೋಜನೆ ಬೇಕೆಂಬುದನ್ನು ಹಿಂದಿನ ಪೂರ್ವ ಜರ್ಮನಿಯ ಹೊಯರ್ಸ್‌ವೆರ್ಡಾ ಕಷ್ಟಪಟ್ಟು ಕಲಿಯಿತು.

1950ರಲ್ಲಿ ಅದು ಸುಮಾರು ಏಳು ಸಾವಿರ ಜನರ ಪೇಟೆ. ಆ ದಶಕದಲ್ಲಿ ಪಕ್ಕದ ಶ್ವಾರ್ತ್ಸೆ ಪುಂಪೆಯಲ್ಲಿ ಕಂದು ಕಲ್ಲಿದ್ದಲನ್ನು ಸಂಸ್ಕರಿಸುವ ಭಾರಿ ಕಾರ್ಖಾನೆ ತಲೆಯೆತ್ತಿತು. ಅದರ ಕಾರ್ಮಿಕರಿಗಾಗಿ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಕ್ರೇನಿನಿಂದ ಜೋಡಿಸಿ ಹೊಸ ನಗರವನ್ನೇ ನಿಲ್ಲಿಸಲಾಯಿತು. 1980ರ ಹೊತ್ತಿಗೆ ಜನಸಂಖ್ಯೆ 70 ಸಾವಿರ. 1960ರಲ್ಲಿ ಇಲ್ಲಿಗೆ ಬಂದ ಲೇಖಕಿ ಬ್ರಿಗಿಟೆ ರೈಮಾನ್, ಇಂಥ ಊರು ಕಟ್ಟಲು ಹೊರಟ ತರುಣ ವಾಸ್ತುಶಿಲ್ಪಿಯೊಬ್ಬಳ ಕಾದಂಬರಿ ಬರೆಯತೊಡಗಿದಳು. ಅದು ಅಪೂರ್ಣವಾಗಿಯೇ ಅವಳ ಮರಣಾನಂತರ, 1974ರಲ್ಲಿ ಪ್ರಕಟವಾಯಿತು.

1990ರಲ್ಲಿ ಜರ್ಮನಿ ಒಂದಾಯಿತು. ಕಾರ್ಖಾನೆಯಲ್ಲಿ ಕೆಲಸ ಕರಗಿತು. ತರುಣರು ಪಶ್ಚಿಮಕ್ಕೆ ನಡೆದರು. ಇಂದು ಅಲ್ಲಿರುವವರು ಅಂದಿನ ಅರ್ಧಕ್ಕೂ ಕಡಿಮೆ. 2000ದ ಸುಮಾರಿಗೆ ಪೂರ್ವ ಭಾಗದಲ್ಲೆಲ್ಲ ಹತ್ತು ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿದ್ದವು. 2002ರಲ್ಲಿ ಸರ್ಕಾರವು ಮನೆ ಕೆಡವಲೂ ಉಳಿದ ಬೀದಿಗಳನ್ನು ಸುಧಾರಿಸಲೂ ಹಣ ಕೊಡುವ ಯೋಜನೆ ತಂದಿತು.

ಯಾವ ಮನೆ ಕೆಡವಬೇಕು? ಇದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ನೆಲದಡಿಯ ಕೊಳವೆಗಳು. ದೊಡ್ಡ ಊರಿಗೆಂದು ಹಾಕಿದ ಕೊಳವೆಯಲ್ಲಿ ಬಳಕೆ ಇಳಿದರೆ ಕುಡಿಯುವ ನೀರು ನಿಂತು ಕೆಡುತ್ತದೆ. ಒಳಚರಂಡಿಯಲ್ಲಿ ಹರಿವು ಸಾಲದೆ ಹೊಲಸು ಕಟ್ಟಿಕೊಳ್ಳುತ್ತದೆ. ಖರ್ಚು ಮಾತ್ರ ಇಳಿಯದೆ ಉಳಿದವರ ತಲೆಯ ಮೇಲೇ ಬೀಳುತ್ತದೆ. ಅಲ್ಲೊಂದು ಇಲ್ಲೊಂದು ಕಟ್ಟಡ ಉರುಳಿಸಿ ಫಲವಿಲ್ಲ. ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಬಿಚ್ಚಿದರಷ್ಟೇ ಕೊಳವೆಯನ್ನೂ ಮೊಟಕುಗೊಳಿಸಬಹುದು. ಆದರೆ ಅಂಚಿನಲ್ಲಿದ್ದವು ಸಾಮಾನ್ಯವಾಗಿ ಕೊನೆಗೆ ಕಟ್ಟಿದ, ತೀರ ಹೊಸ ಮನೆಗಳು! ಪಾಳಿಯಲ್ಲಿ ವರ್ಷಗಟ್ಟಲೆ ಕಾದು ಮನೆ ಪಡೆದ ಕುಟುಂಬಕ್ಕೆ, ನಿಮ್ಮ ಮನೆ ನಲ್ಲಿಸಾಲಿನ ತುದಿಯಲ್ಲಿದೆ, ಎದ್ದೇಳಿ ಎಂದು ಹೇಳುವುದು ಹೇಗೆ? ಎಂಜಿನಿಯರನ ಲೆಕ್ಕ ಸರಿಯೇ ಇರಬಹುದು. ಪೆಟ್ಟು ತಿನ್ನುವವನು ಬೇರೆ.

ಲೈನೆಫೆಲ್ಡೆ ಪಟ್ಟಣದವರು ಇನ್ನೊಂದು ದಾರಿ ಹಿಡಿದರು. ಉದ್ದನೆಯ ಕಟ್ಟಡಗಳ ಮೇಲಿನ ಅಂತಸ್ತು ತೆಗೆದು, ನಡುನಡುವೆ ಕತ್ತರಿಸಿ, ಚಿಕ್ಕ ಮನೆಗಳನ್ನಾಗಿ ಮಾಡಿದರು.

ಇನ್ನು ಲೈಪ್‌ಜಿಗ್. 2000ದಲ್ಲಿ ಅಲ್ಲೂ ಸುಮಾರು 60 ಸಾವಿರ ಮನೆಗಳು ಖಾಲಿ. ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳೂ ಕೆಲವು ನೆಲ ಕಂಡವು. ಆಮೇಲೆ ಜನ ಮರಳತೊಡಗಿದರು. ಇಂದು ಅದು ಆರು ಲಕ್ಷ ಮೀರಿದ ನಗರ. ಬಾಡಿಗೆ ಮನೆ ಸಿಗುವುದೇ ಕಷ್ಟ.