ಕಂಟೇನರ್ ಬಂದ ದಾರಿ

ನಮ್ಮ ಹುಬ್ಬಳ್ಳಿ ರೈಲಿನ ಊರು. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಯೇ ಇದೆ. ಮನೆಯ ಹಿರಿಯರನ್ನು ಕೇಳಿ ನೋಡಿ, ಮೀಟರ್‌ಗೇಜ್ ಕಾಲದ ಸಂಗತಿ ಹೇಳಿಯಾರು. 1971ರಲ್ಲಿ ಪುಣೆಯಿಂದ ಮೀರಜದವರೆಗೆ ಬ್ರಾಡ್‌ಗೇಜ್ ಬಂದರೂ ಹುಬ್ಬಳ್ಳಿ ಕಡೆಯ ಹಳಿ 1990ರ ದಶಕದವರೆಗೆ ಮೀಟರ್‌ಗೇಜ್ ಆಗಿಯೇ ಉಳಿಯಿತು. ಗೇಜ್ ಬದಲಾಗುವಲ್ಲಿ ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಸರಕು ಅದೇ, ಹಳಿ ಬೇರೆ. ಸಮಯವೂ ಹೋಗುತ್ತಿತ್ತು, ಕೂಲಿಯೂ ಬೀಳುತ್ತಿತ್ತು.

ತಂತ್ರಾಂಶ ಕ್ಷೇತ್ರದ ತೊಂದರೆಯೂ ಇಂಥದ್ದೇ. ಯಾವ ಪ್ರೋಗ್ರಾಮೂ ಒಂಟಿಯಾಗಿ ನಡೆಯುವುದಿಲ್ಲ. ಅದಕ್ಕೆ ಭಾಷೆಯ ನಿರ್ದಿಷ್ಟ ಆವೃತ್ತಿ, ಲೈಬ್ರರಿ, ಡೇಟಾಬೇಸ್, ಸೆಟ್ಟಿಂಗ್ ಎಲ್ಲವೂ ಬೇಕು. ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದುದು ನಿಮಗೆ ಗೊತ್ತಿರಬಹುದು. ಕಡತ ಕೆಟ್ಟಿರಲಿಲ್ಲ, ಅದರ ಜೊತೆಗಾರ ಅಲ್ಲಿರಲಿಲ್ಲ.

ಸರಕು ಸಾಗಣೆಗೆ ಉತ್ತರ ಸಿಕ್ಕಿದ್ದು ಹಡಗಿನಲ್ಲಿ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್‌ಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಹೊರಟಿತು. ಪೆಟ್ಟಿಗೆಯನ್ನು ಬಿಚ್ಚದೆ ಲಾರಿ, ಹಡಗು, ರೈಲು ಮೂರರಲ್ಲೂ ಸಾಗಿಸುವ ಪದ್ಧತಿ ಕ್ರಮೇಣ ಜಗತ್ತಿನಲ್ಲೆಲ್ಲ ಬೇರೂರಿತು.

ಕಂಪ್ಯೂಟರ್‌ನಲ್ಲಿ ಈ ವಿಚಾರ ಹಂತಹಂತವಾಗಿ ಬೆಳೆಯಿತು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯ ‘ಸಿಎಚ್‌ರೂಟ್’ ಒಂದು ಪ್ರೋಗ್ರಾಮಿಗೆ ಕಡತಗಳ ಒಂದು ಭಾಗವನ್ನಷ್ಟೇ ತೋರಿಸುತ್ತಿತ್ತು. 2000ದಲ್ಲಿ ಫ್ರೀಬಿಎಸ್‌ಡಿಯ ‘ಜೈಲ್’ ಆ ಗೋಡೆಯನ್ನು ಗಟ್ಟಿ ಮಾಡಿತು. 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್, ಪ್ರತಿ ಗುಂಪಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಅಳೆದು ಕೊಡುವ ಕೆಲಸ ಆರಂಭಿಸಿದರು. 2008ರಲ್ಲಿ ಅದು ಲಿನಕ್ಸ್‌ನಲ್ಲಿ ಸೇರಿತು. 2013ರ ಮಾರ್ಚ್‌ನಲ್ಲಿ ಸಾಲೊಮನ್ ಹೈಕ್ಸ್ ‘ಡಾಕರ್’ ಅನ್ನು ಪ್ರದರ್ಶಿಸಿದರು. ಡಾಕರ್ ಎಂದರೆ ಬಂದರಿನ ಹಮಾಲ! 2015ರಲ್ಲಿ ಹಲವು ಕಂಪನಿಗಳು ಕೂಡಿ ಪೆಟ್ಟಿಗೆಗೆ ಒಂದೇ ಅಳತೆ ಗೊತ್ತುಪಡಿಸಲು ಒಪ್ಪಿದವು. ಎಲ್ಲ ಕಡೆಗೂ ಒಂದೇ ಗೇಜ್ ಹಾಕಿದಂತೆ.

ಇದನ್ನು ಬಳಸುವ ಕ್ರಮ ಸರಳ. ಯಾವ ಆವೃತ್ತಿ, ಯಾವ ಲೈಬ್ರರಿ, ಯಾವ ಆದೇಶ ಎಂಬುದನ್ನು ಒಂದು ಪುಟ್ಟ ಕಡತದಲ್ಲಿ ಅಡುಗೆಯ ವಿಧಾನದಂತೆ ಬರೆಯಬೇಕು. ಅದರಿಂದ ‘ಇಮೇಜ್’ ಸಿದ್ಧವಾಗುತ್ತದೆ. ಇಮೇಜ್ ಚಾಲನೆಗೆ ಬಂದಾಗ ಅದೇ ಕಂಟೇನರ್. ಕೆಟ್ಟರೆ ಅಳಿಸಿ ಮತ್ತೆ ಕಟ್ಟಬಹುದು. ನಿಮ್ಮ ಕಂಪ್ಯೂಟರ್‌ನ ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ.

ಎರಡು ಎಚ್ಚರಿಕೆ ಬೇಕು. ಕಂಟೇನರ್ ಪೂರ್ಣ ಕಂಪ್ಯೂಟರ್ ಅಲ್ಲ, ಅದು ಆತಿಥೇಯ ಯಂತ್ರದ ಕರ್ನಲ್ಲನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ ಮೂಲ ತಿಳಿಯದ ಇಮೇಜ್ ಓಡಿಸಬೇಡಿ. ಕಂಟೇನರ್ ಅಳಿಸಿದರೆ ಅದರೊಳಗೆ ಉಳಿಸಿದ ಮಾಹಿತಿಯೂ ಹೋಗುತ್ತದೆ. ಅದನ್ನು ಹೊರಗೆ ಪ್ರತ್ಯೇಕವಾಗಿಡಿ.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾಲ್ವರು ಕೂಡಿ ದುಡಿಯುವಾಗ ‘ನನ್ನ ಕಂಪ್ಯೂಟರ್‌ನಲ್ಲಿ ನಡೆಯುತ್ತಿತ್ತು’ ಎಂಬ ಮಾತು ಪರೀಕ್ಷಕರ ಮುಂದೆ ನಡೆಯದು. ಆರು ತಿಂಗಳ ಶ್ರಮ ಒಂದು ಲೈಬ್ರರಿಯ ವ್ಯತ್ಯಾಸದಿಂದ ಮಣ್ಣುಪಾಲಾಗಬಾರದು. ಮೊದಲ ದಿನವೇ ಆ ಪುಟ್ಟ ಕಡತವನ್ನು ಬರೆದಿಡಿ. ಡಾಕರ್‌ನ ಮೂಲ ತಂತ್ರಾಂಶ ಮುಕ್ತವಾಗಿದೆ, ಕಲಿಯಲು ಹಣ ಬೇಡ. ಬೆಂಗಳೂರಿನ ದೊಡ್ಡ ಕಂಪನಿಯವರು ಬಳಸುವ ಅದೇ ಸಾಧನ ಧಾರವಾಡದ ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಯ ಕೈಗೂ ಸಿಗುತ್ತದೆ. ಹಳಿ ಒಂದೇ ಆಗಿದೆ. ಸರಕು ತುಂಬುವುದು ನಿಮ್ಮ ಕೆಲಸ.