ಬಯಲ್ನಾಡಿನ ಗದ್ದೆಗಳು: ಭೂಪಟದ ಸಾಕ್ಷ್ಯ ಮತ್ತು ಅದರ ಮಿತಿ

ಹೊಯ್ಸಳರ ಕಾಲದ ಕನ್ನಡ ಶಾಸನಗಳ ‘ಬಯಲ್ನಾಡು’ ಇಂದಿನ ವಯನಾಡು. ‘ಬಯಲು’, ‘ವಯಲ್’ ಜ್ಞಾತಿಪದಗಳೇ. ಆದರೆ ಕನ್ನಡದ ಬಯಲು ತೆರೆದ ನೆಲ, ಮಲಯಾಳದ ವಯಲ್ ನೀರು ನಿಲ್ಲುವ ಭತ್ತದ ಗದ್ದೆ. ಈ ಸೀಮೆಯ ಹಳೆಯ ಸ್ಥಳವಿವರ ಭೂಪಟಗಳನ್ನು ಓದುವವರಿಗೂ ಇಂಥದೇ ತೊಡಕು ಎದುರಾಗುತ್ತದೆ: ನೆಲ ಒಂದೇ, ಅದನ್ನು ಗುರುತಿಸುವ ಬಗೆ ಬೇರೆ.

ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ 76ನೆಯ ಪೂರ್ವ ರೇಖಾಂಶದ ಆಚೀಚೆ ವಯನಾಡು ಹಂಚಿಹೋಗಿದೆ. ಪಶ್ಚಿಮದ ಅಂಚು 49 ಎಂ, ಬಹುಭಾಗ 58 ಎ. ಜೌಗಿಗೆ ಒಂದು ಚಿಹ್ನೆ, ಸಾಗುವಳಿಗೆ ಇನ್ನೊಂದು ಗುರುತು. ವಯನಾಡಿನ ತಗ್ಗುಗಳು ಈ ವಿಂಗಡಣೆಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಕೆಸರಾಗಿ ನಿಂತ ನೆಲವೇ ನಾಟಿಯ ಗದ್ದೆ, ಕೊಯ್ಲಿನ ನಂತರ ದನ ಮೇಯುವ ಹುಲ್ಲುಗಾವಲು. ಮೇಲಾಗಿ ಕ್ಷೇತ್ರಸಮೀಕ್ಷೆ ನಡೆಯುತ್ತಿದ್ದುದು ಸಾಮಾನ್ಯವಾಗಿ ಮಳೆ ನಿಂತ ತಿಂಗಳುಗಳಲ್ಲಿ. ಆದ್ದರಿಂದ ಹಾಳೆಯಲ್ಲಿ ಜೌಗಿನ ಚಿಹ್ನೆ ಇಲ್ಲದಿರುವುದನ್ನು ಜೌಗೇ ಇರಲಿಲ್ಲವೆಂಬುದಕ್ಕೆ ಪುರಾವೆಯಾಗಿ ಬಳಸುವುದು ಸರಿಯಲ್ಲ. ಸಾಗುವಳಿಯ ಬಣ್ಣವಂತೂ ಬೆಳೆಯ ಹೆಸರನ್ನೇ ಹೇಳುವುದಿಲ್ಲ.

ಹೆಚ್ಚು ನಂಬಬಹುದಾದದ್ದು ಸಮೋನ್ನತಿ ರೇಖೆಗಳನ್ನು. ಗುಡ್ಡಗಳ ನಡುವೆ ರೇಖೆಗಳು ದೂರ ಸರಿದು, ಮಧ್ಯದಲ್ಲಿ ತೊರೆಯೊಂದು ಹರಿದಿದ್ದರೆ ಅಲ್ಲಿ ವಯಲ್ ಇದ್ದಿರಬಹುದಾದ ಸಾಧ್ಯತೆ ದೊಡ್ಡದು. ಇಲ್ಲಿ ಹಳೆಯ ಹಾಳೆಗೇ ಒಂದು ಮೇಲುಗೈ ಇದೆ. ಮೈಲಿಗೆ ಒಂದು ಅಂಗುಲದ (1:63,360) ಪಟಗಳಲ್ಲಿ ರೇಖೆಗಳ ಅಂತರ ಸಾಮಾನ್ಯವಾಗಿ 50 ಅಡಿ, ಅಂದರೆ ಸುಮಾರು 15 ಮೀಟರ್. ಮೆಟ್ರಿಕ್ ಪದ್ಧತಿಯ 1:50,000 ಪಟಗಳಲ್ಲಿ 20 ಮೀಟರ್. ಮಾಪಕ ಹಿಗ್ಗಿದರೂ ಎತ್ತರದ ವಿವರ ಒರಟಾಯಿತು.

ಈ ಓದು ಬರಿಯ ಪಾಂಡಿತ್ಯದ ವಿಷಯವಲ್ಲ. 1940ರ ದಶಕದಿಂದ ತಿರುವಾಂಕೂರಿನ ಕಡೆಯಿಂದ ವಲಸೆ ಹೆಚ್ಚಿತು. ಮುಂದಿನ ದಶಕಗಳಲ್ಲಿ ಗದ್ದೆಗಳು ಬಾಳೆ, ಅಡಿಕೆ ತೋಟಗಳಾದವು, ಕೆಲವು ಕಟ್ಟಡಗಳಾದವು. ಕೇರಳದ ಭತ್ತದ ಗದ್ದೆ ಹಾಗೂ ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದದ್ದು 2008ರಲ್ಲಿ. ಅದಕ್ಕೂ ಮೊದಲೇ ಮುಚ್ಚಿಹೋದ ತಗ್ಗುಗಳನ್ನು ಗುರುತಿಸಲು ಹಳೆಯ ಹಾಳೆಗಳ ನೆರವು ಬೇಕೇ ಬೇಕು, ಜೊತೆಗೆ ಕಂದಾಯದ ದಾಖಲೆಗಳೂ.

ಗಡಿಯ ಪ್ರಶ್ನೆ ಬರುವುದು ಇಲ್ಲಿಯೇ. ಕಬಿನಿಯ ಒಂದು ದಡ ವಯನಾಡಿನ ಪೆರಿಕ್ಕಲ್ಲೂರು, ಎದುರು ದಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಭೂಪಟದಲ್ಲಿ ಎರಡೂ ಒಂದೇ ಹಾಳೆಯ ಮೇಲಿವೆ. ಕಂದಾಯದ ಕಡತಗಳಲ್ಲಿ ಒಂದರದು ಮಲಯಾಳ, ಇನ್ನೊಂದರದು ಕನ್ನಡ. ಒಂದು ಭಾಷೆಯನ್ನಷ್ಟೇ ಬಲ್ಲ ಸಂಶೋಧಕನಿಗೆ ಹೊಳೆಯ ಒಂದೇ ದಡ ದಕ್ಕುತ್ತದೆ.